ಬಚ್ಚಲ ಬಾಗಿಲಿನ ಗಾಜು

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದ ದಿನ ನಾನು ಶಾಲೆಯಲ್ಲಿ ಮೂರನೇ ಕ್ಲಾಸಿನ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ಪಕ್ಕದ ಮನೆಯಾಕೆ ಏದುಸಿರು ಬಿಡುತ್ತ ಬಂದು ಬಾಗಿಲಲ್ಲಿ ನಿಂತರು.

"ಟೀಚರಮ್ಮ, ನಿಮ್ಮತ್ತೆ ಬಚ್ಚಲಾಗೆ ಬಿದ್ದವ್ರೆ. ಚಿಲಕ ತೆಗೀತಾ ಇಲ್ಲ, ಬಿರ್ರನೆ ಬನ್ನಿ."

ನಾನು ಓಡಿದೆ. ನಾವಾಗ ಪಾವಗಡದಲ್ಲಿದ್ದೆವು. ನನ್ನ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ನಾನು ಪ್ರೈಮರಿ ಶಾಲೆಯ ಉಪಾಧ್ಯಾಯಿನಿ. ಮದುವೆಯಾಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ, ಮೂರೇ ಜನ.

ನಾನು ಹೋಗುವ ಹೊತ್ತಿಗೆ ಯಜಮಾನರು ಕಚೇರಿಯಿಂದ ಬಂದು ಬಚ್ಚಲ ಬಾಗಿಲು ಬಡಿಯುತ್ತಿದ್ದರು. "ಅಮ್ಮಾ, ಹೆಂಗಾದ್ರೂ ಮಾಡಿ ಚಿಲಕ ತೆಗಿ. ಇಲ್ದಿದ್ರೆ ಬಾಗಿಲು ಒಡೀತೀನಿ."

ಒಳಗಿಂದ ಅತ್ತೆಯ ದನಿ ಬಂತು. ಸಣ್ಣಗಿತ್ತು, ಆದರೆ ನಡುಗುತ್ತಿರಲಿಲ್ಲ. "ಯಾರೂ ಬಾಗ್ಲು ಮುಟ್ಬ್ಯಾಡಿ. ಸೀರೆ ಉಟ್ಕಂಡು ನಾನೇ ತೆಗೀತೀನಿ."

ನಾವು ಹೊರಗೆ ನಿಂತೆವು. ಒಳಗೆ ಬಟ್ಟೆಯ ಸದ್ದು, ನಡುವೆ ಒಮ್ಮೊಮ್ಮೆ ಹಲ್ಲು ಕಚ್ಚಿ ತಡೆದ ನರಳಾಟ. ಎಷ್ಟೋ ಹೊತ್ತಾದ ಮೇಲೆ ಚಿಲಕ ಸರಿಯಿತು. ಅತ್ತೆಯ ಬಲಗೈ ಮಣಿಕಟ್ಟು ಸೊಟ್ಟಗೆ ತಿರುಗಿ ಊದಿಕೊಂಡಿತ್ತು. ಆ ಕಗ್ಗತ್ತಲಲ್ಲಿ ಒಂದೇ ಕೈಯಿಂದ, ಸೆರಗನ್ನು ಹಲ್ಲಿನಲ್ಲಿ ಹಿಡಿದು, ಅವರು ಸೀರೆ ಉಟ್ಟಿದ್ದರು. ನೆರಿಗೆ ಸಹ ಸರಿಯಾಗಿತ್ತು.

ಆ ಬಚ್ಚಲನ್ನು ಕಣ್ಣಾರೆ ಕಂಡವರಿಗೆ ಅವರು ಬಿದ್ದದ್ದು ಆಶ್ಚರ್ಯವಲ್ಲ. ಕಲ್ಲು ಚಪ್ಪಡಿಯ ಮನೆ ಅದು, ಬಾಡಿಗೆಯದು. ಬಚ್ಚಲಿನ ಮೂರು ಕಡೆಯ ಗೋಡೆ ಬೇರೆಯವರ ಮನೆಗೆ ಸೇರಿದ್ದರಿಂದ ಕಿಟಕಿ ಇಡುವಂತಿರಲಿಲ್ಲ. ಬೆಳಕು ಬರುವುದಿದ್ದರೆ ನಡುಮನೆಯ ಅಂಗಳದ ಕಡೆಗಿದ್ದ ಬಾಗಿಲಿನಿಂದ, ಬಾಗಿಲು ಹಾಕಿಕೊಂಡರೆ ಹಂಡೆಯ ಒಲೆಯ ಕೆಂಡವೊಂದೇ ದೀಪ. ನಮ್ಮ ಬೀದಿಗಿನ್ನೂ ಕರೆಂಟು ಬಂದಿರಲಿಲ್ಲ. ಲಾಂದ್ರ ಇಟ್ಟರೆ ನೀರು ಸಿಡಿದು ಅದರ ಬುರುಡೆ ಚಟ್ಟೆಂದು ಒಡೆಯುತ್ತಿತ್ತು.

ಇನ್ನು ನೀರು. ನನ್ನ ತವರು ಕೊರಟಗೆರೆಯ ಹೊಳವನಹಳ್ಳಿ ಕಡೆ. ಅಲ್ಲಿ ನಮ್ಮ ಬಾವಿಯ ನೀರಿನಲ್ಲಿ ಸೋಪು ಮುಟ್ಟಿದರೆ ನೊರೆ. ಪಾವಗಡಕ್ಕೆ ಬಂದ ಮೊದಲ ದಿನ ತಲೆಗೆ ಎಷ್ಟು ಸೀಗೆಪುಡಿ ಹಾಕಿದರೂ ಕೂದಲು ಅಂಟು ಅಂಟಾಗಿಯೇ ಉಳಿದು ಅಳುವಂತಾಗಿತ್ತು. ಸೋಪು ಹಚ್ಚಿದರೆ ನೊರೆಯ ಬದಲು ಒಡೆದ ಹಾಲಿನ ಹಾಗೆ ಗರಣೆ. ಬೇಳೆ ಬೇಯುತ್ತಿರಲಿಲ್ಲ. ಹಂಡೆಯ ಒಳಗೆ ವರ್ಷಕ್ಕೊಮ್ಮೆ ಉಳಿ ಹಿಡಿದು ಕೆತ್ತಬೇಕಾದಷ್ಟು ಸುಣ್ಣ ಕಟ್ಟುತ್ತಿತ್ತು. ನೀರು ಮುಟ್ಟಿದ ಕಡೆಯಲ್ಲೆಲ್ಲ ಬಿಳಿ ಕರೆ. ಬಚ್ಚಲ ಕಲ್ಲಿನ ಮೇಲೆ ಆ ಕರೆಗೆ ಸೋಪಿನ ಗರಣೆ ಸೇರಿ ಬೆಣ್ಣೆ ಸವರಿದಂತೆ ಜಾರುತ್ತಿತ್ತು. ಅತ್ತೆಯ ಕಣ್ಣಿಗೆ ಪೊರೆ ಬರತೊಡಗಿತ್ತು ಬೇರೆ. ಬೆಳಕಿನಲ್ಲಾದರೆ ಹೇಗೋ ನಿಭಾಯಿಸುತ್ತಿದ್ದರು, ಕತ್ತಲಲ್ಲಿ ಏನೂ ಕಾಣುತ್ತಿರಲಿಲ್ಲ.

ಮರುದಿನ ಬಸ್ಸಿನಲ್ಲಿ ಅವರನ್ನು ಮಧುಗಿರಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂಳೆ ಮುರಿದಿದೆ ಎಂದು ಹೇಳಿ ಕೈಗೆ ಪ್ಲಾಸ್ಟರ್ ಪಟ್ಟು ಹಾಕಲು ಒಳಗೆ ಕರೆದರು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಆ ಕೋಣೆಯ ಬಾಗಿಲಿನ ಮೇಲರ್ಧಕ್ಕೆ ಮಬ್ಬು ಗಾಜು ಹಾಕಿದ್ದರು. ಒಳಗೆ ಯಾರೋ ಓಡಾಡುವುದು ನೆರಳಿನಂತೆ ಕಾಣುತ್ತಿತ್ತು, ಯಾರೆಂದು ತಿಳಿಯುತ್ತಿರಲಿಲ್ಲ. ಬಾಗಿಲು ತೆರೆದಾಗ ಇಣುಕಿ ನೋಡಿದೆ. ಆ ಕೋಣೆಗೂ ಕಿಟಕಿ ಇರಲಿಲ್ಲ, ಆದರೂ ಒಳಗೆಲ್ಲ ಹಾಲಿನಂಥ ಬೆಳಕು. ಅಲ್ಲೇ ಕೂತು ತೀರ್ಮಾನ ಮಾಡಿದೆ. ನಮ್ಮ ಬಚ್ಚಲಿಗೂ ಇಂಥದ್ದೊಂದು ಬಾಗಿಲು ಹಾಕಿಸುವುದು.

ಬಸ್ಸಿನಲ್ಲೇ ಯಜಮಾನರಿಗೆ ಹೇಳಿದೆ. ಅವರು ನಕ್ಕುಬಿಟ್ಟರು. ನಾನು ನಗಲಿಲ್ಲ ಎಂದು ನೋಡಿದ ಮೇಲೆ ಗಂಭೀರರಾದರು.

"ಬಚ್ಚಲಿಗೆ ಗಾಜಿನ ಬಾಗಿಲಾ? ಊರು ಏನಂತದೆ?"

"ಊರು ಅತ್ತೆ ಕೈ ಮುರಿದಾಗ ಏನಂತು? ಬಂದು ನೋಡಿ ಅಯ್ಯೋ ಪಾಪ ಅಂತು. ಇನ್ನೊಂದು ಸಲ ಬಿದ್ರೆ ಸೊಂಟ ಮುರೀತದೆ. ಆಗಲೂ ಅಷ್ಟೇ ಅಂತದೆ."

"ಬಾಗಿಲು ಅರ್ಧ ತೆಗೆದು ಅಡ್ಡ ಒಂದು ಪರದೆ ಕಟ್ಟೋಣ. ಇಲ್ಲಾ, ನೀನೇ ಸ್ನಾನ ಮಾಡಿಸು."

ಮುಂದಿನ ಸೀಟಿನಲ್ಲಿ ಕೂತಿದ್ದ ಅತ್ತೆ ತಿರುಗದೆಯೇ ಹೇಳಿದರು. "ನನಗೆ ಯಾರೂ ಸ್ನಾನ ಮಾಡಿಸ್ಬೇಕಾಗಿಲ್ಲ. ಪರದೆ ಸಂದಿಯಾಗೆ ಕೂತ್ಕಂಡು ನೀರು ಹುಯ್ಕಳಾಕೆ ನಾನೇನು ಸಂತೆಗೆ ಬಂದೋಳಲ್ಲ. ಗಾಜಿನ ಬಾಗ್ಲಂತೂ ನನ್ನ ಹೆಣ ಹೋದ್ಮೇಲೆ ಹಾಕಿಸ್ಕಳಮ್ಮ."

ನನಗೆ ಆ ಮಾತಿನಿಂದ ಬೇಸರವಾಗಲಿಲ್ಲ. ಕತ್ತಲಲ್ಲಿ ಮುರಿದ ಕೈಯಲ್ಲಿ ನೆರಿಗೆ ಹಿಡಿದವರು ಹಾಗಲ್ಲದೆ ಇನ್ನು ಹೇಗೆ ಮಾತಾಡುತ್ತಾರೆ? ಆದರೆ ನನ್ನದೂ ಒಂದು ಹಟ ಇತ್ತು. ಅವರು ಬಾಗಿಲು ಹಾಕಿಕೊಂಡೇ ಸ್ನಾನ ಮಾಡಬೇಕು, ಅವರಿಗೆ ಬೆಳಕೂ ಇರಬೇಕು. ಎರಡೂ ಆಗಬೇಕು. ಚಾವಣಿಯ ಚಪ್ಪಡಿಗೆ ಬೆಳಕಿಂಡಿ ಕೊರೆಯಬಹುದೇ ಎಂದು ಗಾರೆಯವನನ್ನು ಕರೆಸಿ ಕೇಳಿದೆ. ಕಲ್ಲು ಹಳೆಯದು, ಉಳಿ ಇಟ್ಟರೆ ಉದ್ದಕ್ಕೂ ಸೀಳು ಬಿಡುತ್ತದೆ ಎಂದು ತಲೆಯಾಡಿಸಿ ಹೋದ. ಬಾಗಿಲನ್ನು ಬೇಕಾದರೆ ಬದಲಾಯಿಸಿಕೊಳ್ಳಿ ಎಂದು ಮನೆಯ ಮಾಲೀಕರು ಒಪ್ಪಿದರು. ಅಲ್ಲಿಗೆ ಬಾಗಿಲೊಂದೇ ದಾರಿ ಎಂದಾಯಿತು.

ಪಾವಗಡದಲ್ಲಿ ಗಾಜು ಮಾರುವವರಿರಲಿಲ್ಲ. ಶಿರಾದಲ್ಲಿ ಒಬ್ಬ ಸಾಹೇಬರಿದ್ದಾರೆ, ದೇವರ ಪಟಕ್ಕೆ ಕಟ್ಟು ಹಾಕುತ್ತಾರೆ, ಕಿಟಕಿಗೆ ಗಾಜು ಕೊಯ್ದು ಕೊಡುತ್ತಾರೆ ಎಂದು ಕಚೇರಿಯಲ್ಲಿ ಯಾರೋ ಹೇಳಿದರು. ಒಂದು ಭಾನುವಾರ ಯಜಮಾನರನ್ನು ಎಬ್ಬಿಸಿ ಹೊರಡಿಸಿದೆ. ಮಧುಗಿರಿಯಲ್ಲಿ ಬಸ್ಸು ಬದಲಾಯಿಸಿ ಶಿರಾ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು.

ಅಂಗಡಿ ಚಿಕ್ಕದು. ಗೋಡೆಗೆ ಒರಗಿಸಿದ ಗಾಜಿನ ಹಾಳೆಗಳ ನಡುವೆ ದಪ್ಪ ಕನ್ನಡಕದ ವಯಸ್ಸಾದ ಸಾಹೇಬರು ಕೂತಿದ್ದರು. ಯಜಮಾನರಿಗೆ ಬಚ್ಚಲ ಬಾಗಿಲು ಎನ್ನಲು ನಾಚಿಕೆ. "ಒಂದು ಬಾಗಿಲಿಗೆ ಗಾಜು ಬೇಕಾಗಿತ್ತು" ಎಂದು ಅಲ್ಲಿಗೇ ನಿಲ್ಲಿಸಿದರು. ನಾನೇ ಮುಂದೆ ಬಂದು ಅತ್ತೆ ಬಿದ್ದದ್ದು, ಕತ್ತಲು, ಆಸ್ಪತ್ರೆಯ ಬಾಗಿಲು ಎಲ್ಲ ಹೇಳಿದೆ. ಸಾಹೇಬರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ನಿಮ್ಮೂರಲ್ಲಿ ಪಾನಿ ಹೆಂಗಿದೆ ಅಮ್ಮಾ?"

"ಗಾಜಿಗೂ ನೀರಿಗೂ ಏನು ಸಂಬಂಧ?" ಎಂದರು ಯಜಮಾನರು.

"ಅರೇ, ಎಲ್ಲಾ ಅದೇ ಸಂಬಂಧ ಸ್ವಾಮಿ. ಗಾಜು ನಾನು ಕೊಡ್ತೀನಿ. ಅದರ ಜೊತೆ ಸಂಸಾರ ಮಾಡೋದು ನಿಮ್ಮೂರ ನೀರು."

ನೀರು ಸವಳು, ಒಣಗಿದ ಕಡೆಯೆಲ್ಲ ಬೆಳ್ಳಗಾಗುತ್ತದೆ ಎಂದೆ. ಅವರು ತಲೆಯಾಡಿಸಿ ಎದ್ದು, ಮೂಲೆಯ ಡಬ್ಬದಿಂದ ಅಂಗೈಯಗಲದ ನಾಲ್ಕು ತುಂಡು ಆರಿಸಿದರು. ಒಂದು ಸಾದಾ ಗಾಜು. ಒಂದಕ್ಕೆ ಹೂವಿನ ಅಚ್ಚು. ಒಂದಕ್ಕೆ ಉದ್ದುದ್ದ ಗೆರೆ. ನಾಲ್ಕನೆಯದು ಮಬ್ಬು ಗಾಜು, ಅದನ್ನು ಸಾಣೆಗೆ ಬಳಸುವ ಕುರುಂದದ ಕಲ್ಲಿನ ಪುಡಿ ಹಾಕಿ ಅವರೇ ಕೈಯಿಂದ ಉಜ್ಜಿ ಮಾಡಿದ್ದು. ಕೈ ಕೊಯ್ಯದ ಹಾಗೆ ನಾಲ್ಕರ ಅಂಚನ್ನೂ ಕಲ್ಲಿಗೆ ತೀಡಿ ಕಾಗದದಲ್ಲಿ ಸುತ್ತಿ ಕೊಟ್ಟರು.

"ಇವನ್ನು ನಿಮ್ಮ ಬಚ್ಚಲಲ್ಲಿ ಇಡಿ. ಒಂದು ತಿಂಗಳು ನಿಮ್ಮ ನೀರು ಬೀಳಲಿ. ಯಾವುದು ಸಾಫಾಗಿ ಉಳೀತದೋ ಅದು ಬಂದು ಹೇಳಿ. ಇವತ್ತು ಕಣ್ಣಿಗೆ ಚೆಂದ ಕಂಡಿದ್ದು ತಗೊಂಡು ಹೋದ್ರೆ ನಾಳೆ ನನಗೆ ಬೈತೀರಿ."

ಕೈಗೆ ಬಂದ ಗಿರಾಕಿಯನ್ನು ತಿಂಗಳು ಬಿಟ್ಟು ಬಾ ಎಂದು ಕಳಿಸುವ ಅಂಗಡಿಯವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ನಾಲ್ಕೂ ತುಂಡುಗಳನ್ನು ಬಚ್ಚಲ ಗೋಡೆಯ ಗೂಡಿನಲ್ಲಿ ಸಾಲಾಗಿ ನಿಲ್ಲಿಸಿದೆ. ಸ್ನಾನವಾದ ಮೇಲೆ ಪ್ರತಿಯೊಬ್ಬರೂ ಅವುಗಳ ಮೇಲೊಂದು ಚೆಂಬು ನೀರು ಹಾಕಬೇಕೆಂದು ಕಟ್ಟಪ್ಪಣೆ ಮಾಡಿದೆ. ಯಜಮಾನರು ಗೊಣಗಿದರೂ ಹಾಕುತ್ತಿದ್ದರು. ಅತ್ತೆ ಕೈಯಲ್ಲಿ ಪಟ್ಟು ಇದ್ದಷ್ಟು ದಿನ ಬಚ್ಚಲಿಗೇ ಇಳಿಯಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಎಡಗೈಯಿಂದ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತಿದ್ದರು. ಬೆನ್ನು ಒರೆಸಲೇ ಎಂದರೆ, "ಬುಡು, ಬೆನ್ನು ಯಾರಿಗೆ ಕಾಣ್ತೈತೆ" ಎನ್ನುತ್ತಿದ್ದರು.

ವಾರಕ್ಕೊಮ್ಮೆ ತುಂಡುಗಳನ್ನು ಅಂಗಳದ ಬಿಸಿಲಿಗೆ ತಂದು ನೋಡುತ್ತಿದ್ದೆ. ಮೂರನೆಯ ವಾರ ಅತ್ತೆ ಜಗಲಿಯಲ್ಲಿ ಕೂತು, "ಏನಂತಾವೆ ನಿನ್ನ ಗಾಜು?" ಎಂದು ಕೇಳಿದರು. ಅದುವರೆಗೆ ಅವರು ಅತ್ತ ಕತ್ತು ಸಹ ತಿರುಗಿಸಿರಲಿಲ್ಲ. ಹೂವಿನ ಗಾಜನ್ನು ಅವರ ಕೈಗೆ ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದರು, ಕಾಣಲಿಲ್ಲ. ಎಡಗೈ ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು.

"ಎಸಳೆಸಳಾಗೂ ಸುಣ್ಣ ಕುಂತೈತೆ. ಇದನ್ನ ತೊಳೆಯಾಕೆ ಒಂದು ಆಳೇ ಇಕ್ಕಬೇಕು. ಬ್ಯಾಡ."

ಗೆರೆ ಗಾಜಿನದೂ ಅದೇ ಕಥೆ. ಗೆರೆಗಳ ಸಂದಿಯಲ್ಲಿ ಕಡ್ಡಿ ಹಾಕಿ ಕೆರೆದರೂ ಕರೆ ಬಿಡಲಿಲ್ಲ. ಸಾದಾ ಗಾಜಿನ ಮೇಲೆ ಹನಿ ಹನಿಯಾಗಿ ಬಿಳಿ ಚುಕ್ಕೆ ಕಟ್ಟಿತ್ತು. ನೆನೆಸಿದ ಹುಣಸೆಹಣ್ಣಿನಲ್ಲಿ ಉಜ್ಜಿದೆ, ಚುಕ್ಕೆಯೆಲ್ಲ ಹೋಗಿ ಗಾಜು ಹೊಸದರಂತಾಯಿತು. ಆದರೆ ಸಾದಾ ಗಾಜನ್ನು ಬಚ್ಚಲಿಗೆ ಹಾಕಲಾಗುತ್ತದೆಯೇ? ಉಳಿದದ್ದು ಮಬ್ಬು ಗಾಜು. ನಾನು ಮೊದಲಿನಿಂದಲೂ ನಂಬಿಕೊಂಡಿದ್ದುದು ಅದನ್ನೇ. ಅದರ ಮೇಲೂ ಕರೆ ಕೂತಿತ್ತು. ಹುಣಸೆಹಣ್ಣಿಗೆ ಅರ್ಧ ಬಿಟ್ಟಿತು, ಉಳಿದರ್ಧ ಒರಟಿನೊಳಗೆ ಹೊಕ್ಕಿತ್ತು. ಒಂದು ಚೆಂಬು ನೀರು ಹಾಕಿ ತೊಳೆದು ಬಿಸಿಲಿಗೆ ಎತ್ತಿ ಹಿಡಿದೆ.

ಒದ್ದೆಯಾದ ಮಬ್ಬು ಗಾಜಿನ ಮಬ್ಬೆಲ್ಲ ಹೋಗಿತ್ತು. ಹಿಂದೆ ಹಿಡಿದಿದ್ದ ನನ್ನದೇ ಅಂಗೈಯ ರೇಖೆಗಳು ಅದರೊಳಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಬೆರಳಿನ ಮೇಲಿನ ಮಚ್ಚೆ ಕೂಡ. ಆಸ್ಪತ್ರೆಯ ಆ ಬಾಗಿಲಿನ ಮೇಲೆ ಯಾರೂ ನೀರು ಹಾಕುತ್ತಿರಲಿಲ್ಲ, ಅದಕ್ಕೇ ಅದು ಮಬ್ಬಾಗಿಯೇ ಇತ್ತು. ನಾನು ಆ ಯೋಚನೆಯನ್ನೇ ಮಾಡಿರಲಿಲ್ಲ. ಇಂಥ ಗಾಜು ಹಾಕಿಸಿದ್ದರೆ ಅತ್ತೆ ಮೊದಲ ಚೆಂಬು ನೀರು ಹುಯ್ದುಕೊಂಡ ಕೂಡಲೇ ಏನಾಗುತ್ತಿತ್ತು?

"ಏನಾಯ್ತಮ್ಮಣ್ಣಿ? ಸುಮ್ಕಾಗ್ಬುಟ್ಟೆ?"

ಸುಳ್ಳು ಹೇಳಲಾಗಲಿಲ್ಲ. ಇದ್ದದ್ದನ್ನು ಹೇಳಿದೆ. "ನಾನು ಆವತ್ತೇ ಹೇಳ್ನಿಲ್ವಾ" ಎನ್ನುತ್ತಾರೆಂದು ತಲೆ ತಗ್ಗಿಸಿ ಕಾದೆ. ಅವರು ಕೈ ಚಾಚಿ ಗಾಜನ್ನು ಕೇಳಿದರು. ಒಂದು ಕಡೆ ಸವರಿದರು. ತಿರುಗಿಸಿ ಇನ್ನೊಂದು ಕಡೆ ಸವರಿದರು. ಮತ್ತೆ ತಿರುಗಿಸಿದರು.

"ಇದಕ್ಕೆ ಎರಡು ಮಖ ಐತಲ್ಲೇ. ಈ ಕಡೆ ಒರಟು, ಈ ಕಡೆ ನುಣ್ಣಗೆ. ನೀನು ನೀರು ಹಾಕಿದ್ದು ಯಾವ ಮಖಕ್ಕೆ?"

ಮೂರು ವಾರದಿಂದ ಆ ತುಂಡನ್ನು ಎತ್ತಿ ಇಳಿಸಿದ್ದರೂ ನನಗೆ ಅದು ಹೊಳೆದಿರಲಿಲ್ಲ. ನನಗೆ ಕಣ್ಣಿತ್ತು, ಹಾಗಾಗಿ ನಾನು ಎರಡೂ ಕಡೆ ಸವರಿ ನೋಡಿರಲೇ ಇಲ್ಲ. ಗೂಡಿನಲ್ಲಿ ನಿಲ್ಲಿಸುವಾಗ ಒರಟು ಮುಖವೇ ಮುಂದಿತ್ತು. ಈಗ ಗಾಜನ್ನು ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ನುಣುಪಾದ ಕಡೆಗೆ ಮಾತ್ರ ನೀರು ಹಾಕಿ ಎತ್ತಿ ಹಿಡಿದೆ. ನೀರು ಇಳಿದು ಹೋಯಿತು, ಗಾಜು ಮಬ್ಬಾಗಿಯೇ ಇತ್ತು. ಹಿಂದೆ ಕೈ ಇಟ್ಟರೆ ಬರೀ ಒಂದು ನೆರಳು.

"ಅತ್ತೆ, ಕಾಣ್ತಿಲ್ಲ! ಏನೂ ಕಾಣ್ತಿಲ್ಲ!" ಎಂದು ಕೂಗಿಬಿಟ್ಟೆ.

"ಅಂಗಾರೆ ನುಣ್ಣಗಿರೋದು ಬಚ್ಚಲ ಕಡೀಕೆ ಬರ್ಬೇಕು. ಒರಟು ಅಂಗಳದ ಕಡೀಕೆ. ಅಂಗಳದ ಕಡೆ ನೀರು ಬೀಳಲ್ಲ, ಸುಣ್ಣಾನೂ ಕೂರಲ್ಲ." ಸಣ್ಣ ದನಿಯಲ್ಲಿ ಸೇರಿಸಿದರು. "ಅಂದ್ರೆ ಹಾಕುಸ್ತಾ ಇದೀಯ ಅನ್ನು."

"ನೀವು ಬೇಡ ಅಂದ್ರೆ ಇಲ್ಲ."

"ಚೂಡಮ್ಮಾ," ಎಂದರು. ನೋಡಮ್ಮಾ ಎಂದು ಪಟ್ಟು ಹಿಡಿದು ಮಾತಾಡುವಾಗ ಅವರಿಗೆ ತೆಲುಗು ಬಂದುಬಿಡುತ್ತಿತ್ತು. "ನನಗೆ ಕತ್ಲು ಅಂದ್ರೆ ಭಯ ಆಗೈತೆ. ಇದನ್ನ ನನ್ನ ಮಗನ ತಾವ ಹೇಳ್ಬ್ಯಾಡ. ಹಾಕ್ಸು."

ಆ ಮಾತು ಅವರ ಬಾಯಿಂದ ಹೊರಡಲು ಎಷ್ಟು ಕಷ್ಟವಾಯಿತೆಂದು ಅವರ ಮುಖದಲ್ಲೇ ಕಂಡೆ. ಯಜಮಾನರಿಗೆ ನಾನು ಹೇಳಲೂ ಇಲ್ಲ.

ಶಾಲೆಗೆ ರಜೆ ಬಂದಾಗ ಮತ್ತೆ ಶಿರಾಕ್ಕೆ ಹೋಗಿ ಸಾಹೇಬರಿಗೆ ಹೇಳಿದೆ. ಎರಡು ಮುಖದ ವಿಚಾರ ಕೇಳಿ ಅವರು ತೊಡೆ ತಟ್ಟಿಕೊಂಡರು. "ನನಗೆ ಗೊತ್ತಿತ್ತು, ಹೇಳೋದು ಮರೆತೆ ಬೇಟಿ. ನಿಮ್ಮ ಅತ್ತೆ ಉಸ್ತಾದ್!" ಎಂದರು. ದಪ್ಪ ಗಾಜಿಗೆ ಒಂದೇ ಕಡೆ ಮಬ್ಬು ಹಿಡಿಸಿ ಕೊಡುವುದಕ್ಕೆ ಹತ್ತು ದಿನ ಕೇಳಿದರು. ಬಾಗಿಲಿನ ಕೆಳಗರ್ಧ ಹಲಗೆಯೇ ಇರಲಿ, ಬಿಂದಿಗೆ ತಾಗುತ್ತದೆ, ಕಾಲು ತಾಗುತ್ತದೆ, ಗಾಜು ಎದೆಮಟ್ಟದಿಂದ ಮೇಲಿರಲಿ ಎಂದೂ ಹೇಳಿದರು.

ಹತ್ತು ದಿನದ ನಂತರ ಗಾಜು ತರಲು ಹೋದಾಗ ಯಜಮಾನರಿಗೆ ರಜೆ ಸಿಗಲಿಲ್ಲ. ಒಬ್ಬಳೇ ಹೋದೆ. ಬಾಗಿಲಿನಗಲದ ಒಂದೇ ಗಾಜು. ಸಾಹೇಬರು ಅದನ್ನು ಎರಡು ಹಲಗೆಯ ನಡುವೆ ಒಣಹುಲ್ಲು ಹಾಸಿ ಹಗ್ಗದಲ್ಲಿ ಬಿಗಿದು, ಬಸ್ಸಿನ ತನಕ ತಾವೇ ಹೊತ್ತು ತಂದು, ಹಿಂದಿನ ಸೀಟಿನ ಪಕ್ಕ ನಿಲ್ಲಿಸಿದರು. ಮಧುಗಿರಿಯವರೆಗೆ ಅದನ್ನು ಹಿಡಿದುಕೊಂಡೇ ಕೂತಿದ್ದೆ. ಮಧುಗಿರಿ ಸ್ಟ್ಯಾಂಡಿನಲ್ಲಿ ಇಳಿಸಿ ಗೋಡೆಗೆ ಒರಗಿಸಿ, ಪಾವಗಡದ ಬಸ್ಸು ಯಾವುದೆಂದು ಕೇಳಲು ನಾಲ್ಕು ಹೆಜ್ಜೆ ಹೋದೆ. ಅಷ್ಟರಲ್ಲಿ ಬಸ್ಸಿನ ಮೇಲಿಂದ ಕಡಲೆಕಾಯಿ ಮೂಟೆ ಇಳಿಸುತ್ತಿದ್ದವರ ಕೈ ತಪ್ಪಿ ಮೂಟೆಯೊಂದು ಅದರ ಮೇಲೆ ಬಿತ್ತು. ಹಲಗೆ ಮುರಿಯಲಿಲ್ಲ. ಒಳಗಿಂದ ಒಂದು ಸದ್ದು ಬಂತು, ಅಷ್ಟೇ.

ಹಗ್ಗ ಬಿಚ್ಚಿ ನೋಡಿದೆ. ಗಾಜು ನಡುವೆ ಓರೆಯಾಗಿ ಸೀಳಿತ್ತು, ಒಂದು ಮೂಲೆ ಪುಡಿಯಾಗಿತ್ತು. ಮೂಟೆ ಬೀಳಿಸಿದ ಹಮಾಲಿ ತಲೆಯ ಮೇಲೆ ಕೈ ಹೊತ್ತು, "ಗೊತ್ತಾಗ್ನಿಲ್ಲ ಕಣಮ್ಮ, ತಪ್ಪಾಯ್ತು" ಎಂದ. ಗೋಡೆಯ ನೆರಳಿನಲ್ಲಿ ಕೂತೆ. ಎದುರಿಗೆ ಮಧುಗಿರಿಯ ಬೋಳು ಬೆಟ್ಟ ಬಿಸಿಲಿಗೆ ಕಾದು ನಿಂತಿತ್ತು. ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡೆ. ಪಾವಗಡದ ಬಸ್ಸು ಹೊರಡಲು ಸಿದ್ಧವಾಗಿತ್ತು. ಅದಕ್ಕೆ ಹತ್ತಿದರೆ ಬರಿಗೈಯಲ್ಲಿ ಹೋಗಿ ಅತ್ತೆಯ ಮುಂದೆ ನಿಲ್ಲಬೇಕು. ಶಿರಾಕ್ಕೆ ತಿರುಗಿ ಹೋಗುವ ಬಸ್ಸೂ ಅಲ್ಲೇ ಇತ್ತು. ಹಲಗೆಗೆ ಮತ್ತೆ ಹಗ್ಗ ಬಿಗಿದೆ. "ಹತ್ತಿಸಿ ಕೊಡಪ್ಪ" ಎಂದು ಅದೇ ಹಮಾಲಿಗೆ ಹೇಳಿ ಶಿರಾದ ಬಸ್ಸು ಹತ್ತಿದೆ.

ನನ್ನನ್ನು ನೋಡಿದ ಕೂಡಲೇ ಸಾಹೇಬರಿಗೆ ಗೊತ್ತಾಯಿತು. ಏನೂ ಕೇಳದೆ ಹಗ್ಗ ಬಿಚ್ಚಿ, ಒಡೆದ ಗಾಜನ್ನು ಮೇಜಿನ ಮೇಲೆ ಮಲಗಿಸಿ, ಅಳತೆಗೋಲು ಹಿಡಿದು ಅದರ ಮೇಲೆ ಬಾಗಿದರು. ಅವರ ಹೆಂಡತಿ ಒಳಗಿಂದ ಬಂದು ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸಿ ಚಹಾ ಕೊಟ್ಟರು. ಬೆಳಗಿನಿಂದ ಏನೂ ತಿಂದಿರಲಿಲ್ಲ. ರೊಟ್ಟಿಯನ್ನೂ ಕೊಟ್ಟರು, ತಿಂದೆ.

ಹೊರಗೆ ಬಂದಾಗ ಸಾಹೇಬರ ಮುಖ ಅರಳಿತ್ತು. "ದೊಡ್ಡದು ಒಂದು ಹೋಯ್ತು ಬೇಟಿ. ಚಿಕ್ಕವು ನಾಲ್ಕು ಬರ್ತವೆ. ಬಾಗಿಲಿಗೆ ನಡುವೆ ಕೂಡೋ ಲೆಕ್ಕದ ಗುರುತಿನ ಹಾಗೆ ಅಗಲದ ಪಟ್ಟಿ ಹಾಕಿಸಿ, ನಾಲ್ಕು ಮನೆ ಮಾಡಿಸಿ. ಇನ್ನೊಂದು ದಿನ ಒಡೆದ್ರೂ ಒಂದೇ ಒಡೀತದೆ." ವಜ್ರದ ಮೊನೆಯಿಂದ ಗೀರೆಳೆದು, ಮೇಜಿನ ಅಂಚಿಗೆ ಹಿಡಿದು ಒತ್ತಿದರೆ ಕಬ್ಬಿನ ಸಿಪ್ಪೆ ಬಿಡಿಸಿದಷ್ಟು ಸಲೀಸಾಗಿ ಗಾಜು ಬಿಟ್ಟುಕೊಂಡಿತು. ನಾಲ್ಕನ್ನೂ ಅವರ ಹೆಂಡತಿಯ ಹಳೆಯ ಕೌದಿಯಲ್ಲಿ ಸುತ್ತಿ ಕೊಟ್ಟರು. ಈ ಸಲ ಗಂಟನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಮಧುಗಿರಿಯಲ್ಲಿ ಬಸ್ಸು ಕೇಳಲು ಹೋಗುವಾಗಲೂ ಮಗುವಿನಂತೆ ಎತ್ತಿಕೊಂಡೇ ಹೋದೆ.

ಮನೆ ಸೇರಿದಾಗ ಯಜಮಾನರು ಬೀದಿಯ ತುದಿಯಲ್ಲಿ ಕಾಯುತ್ತಿದ್ದರು. ಬೈಯಲು ಬಾಯಿ ತೆರೆದವರು ನನ್ನ ಮುಖ ನೋಡಿ ಗಂಟನ್ನು ಕೈಗೆ ತೆಗೆದುಕೊಂಡರು. ಅತ್ತೆಗೆ ನಡೆದದ್ದೆಲ್ಲ ಹೇಳಿದೆ. ಸಾಹೇಬರ ಮನೆಯಲ್ಲಿ ಚಹಾ ಕುಡಿದು ರೊಟ್ಟಿ ತಿಂದದ್ದನ್ನೂ ಮುಚ್ಚಿಡಲಿಲ್ಲ. ಅವರು ಮಡಿ ಮೈಲಿಗೆ ನೋಡುವವರು. ಕೌದಿಯ ಅಂಚನ್ನು ಬೆರಳಿನಿಂದ ಸವರಿ ಕೇಳಿದರು.

"ಹೊಟ್ಟೆ ತುಂಬ್ತಾ?"

"ತುಂಬ್ತು."

"ಒಳ್ಳೇ ಜನ. ಕೌದೀನ ಒಗೆದು ಕಳುಸ್ಬೇಕು."

ಬಾಗಿಲಿಗೆ ಬಡಗಿಯನ್ನು ಕರೆಸಿದೆವು. ಹಳೆಯ ಬಾಗಿಲಿನ ಮೇಲರ್ಧ ಕೊಯ್ದು ನಾಲ್ಕು ಮನೆಯ ಚೌಕಟ್ಟು ಕೂಡಿಸಿದ. ಗಾಜು ಕೂರಿಸುವ ದಿನ ಅತ್ತೆ ಅಂಗಳಕ್ಕೆ ಮಣೆ ಹಾಕಿಸಿಕೊಂಡು ಕೂತರು. ಕೈಯ ಪಟ್ಟು ಬಿಚ್ಚಿ ಕೆಲವು ದಿನವಾಗಿತ್ತು. ಬಡಗಿ ಒಂದೊಂದೇ ಗಾಜನ್ನು ಕೂರಿಸಿ, ಅಂಚಿಗೆ ಮರದ ಪಟ್ಟಿ ಇಟ್ಟು ಸಣ್ಣ ಮೊಳೆ ಹೊಡೆದ. ನಾಲ್ಕೂ ಮುಗಿದ ಮೇಲೆ ಅತ್ತೆ ಎದ್ದು ಬಂದು ಅಂಗಳದ ಕಡೆಯಿಂದ ನಾಲ್ಕನ್ನೂ ಸವರಿದರು. ಮೂರನೆಯದರ ಮೇಲೆ ಕೈ ನಿಂತಿತು.

"ಇದು ತಿರುಗಾಮುರುಗಾ ಆಗೈತೆ. ತೆಗಿ."

"ಒಂದು ತಾನೇ, ನೋಡಾಕೆ ಎಲ್ಲಾ ಒಂದೇ ತರ ಅವೆ, ಬುಡಮ್ಮ" ಎಂದ ಬಡಗಿ.

"ನೋಡಾಕೆ ಒಂದೇ. ನೀರು ಬಿದ್ರೆ ಒಂದಲ್ಲ. ತೆಗೀ ಅಂದ್ರೆ ತೆಗಿ."

ಅವನು ಮೊಳೆ ಕಿತ್ತು ಮತ್ತೆ ಕೂರಿಸಿದ. ಅಷ್ಟಕ್ಕೂ ಅತ್ತೆಗೆ ತೃಪ್ತಿಯಾಗಲಿಲ್ಲ. ಪಕ್ಕದ ಮನೆಯಾಕೆಯನ್ನು ಕರೆಸಿದರು. ಆಕೆ ಒಳ್ಳೆಯವರೇ, ಆದರೆ ಕಂಡದ್ದು ಸಂಜೆಯೊಳಗೆ ನಾಲ್ಕು ಬೀದಿಗೆ ತಲುಪುತ್ತಿತ್ತು. ಗಾಜಿನ ಬಾಗಿಲಿನ ಸುದ್ದಿಯನ್ನು ಊರಿಗೆ ಮೊದಲು ಹಂಚಿದವರೂ ಅವರೇ. ಅತ್ತೆ ನನಗೆ ಹೇಳಿದರು. "ಸೀರೆ ಸಮೇತ ಒಳೀಕೆ ಹೋಗಿ ಬಾಗ್ಲು ಹಾಕ್ಕಂಡು ಗಾಜಿಗೆ ನೀರು ಎರಚು." ನಾನು ಹೋಗಿ ನಿಂತು ಚೆಂಬಿನಿಂದ ಎರಚತೊಡಗಿದೆ. ಹೊರಗಿನ ಮಾತು ಕೇಳಿಸುತ್ತಿತ್ತು.

"ಕಣ್ಣಿಟ್ಟು ನೋಡು. ಹತ್ರಕ್ಕೆ ಹೋಗು. ಏನು ಕಾಣ್ತೈತೆ?"

"ಏನೋ ಬೆಳ್ಳಗೆ... ಮಂಜಿದ್ದಂಗೈತೆ."

"ಸೀರೆ ಬಣ್ಣ ಯಾವ್ದು ಹೇಳು."

"ಗೊತ್ತಾಗಾಕಿಲ್ಲ ಕಣಮ್ಮ. ದೇವ್ರಾಣೆಗೂ ಏನೂ ಕಾಣಾಕಿಲ್ಲ."

"ಅಂಗಂತ ಎಲ್ಲಾರ್ಗೂ ಹೇಳು."

ಒಳಗೆ ನಿಂತ ನನಗೆ ನಗು ತಡೆಯಲಾಗಲಿಲ್ಲ. ಮರುದಿನದಿಂದ ಊರಿನಲ್ಲಿ ಯಾರೂ ಆ ಬಾಗಿಲಿನ ಬಗ್ಗೆ ಕೊಂಕು ಆಡಲಿಲ್ಲ.

ಅತ್ತೆ ಮೊದಲು ಸ್ನಾನಕ್ಕೆ ಹೋದದ್ದು ಒಂದು ಬೆಳಿಗ್ಗೆ, ಅಂಗಳಕ್ಕೆ ಬಿಸಿಲು ಬಿದ್ದ ಹೊತ್ತಿನಲ್ಲಿ. ನಾನು ಅಡುಗೆಮನೆಯಲ್ಲಿ ಕೆಲಸ ಮಾಡುವವಳಂತೆ ಕಿವಿ ಕೊಟ್ಟು ನಿಂತಿದ್ದೆ. ನೀರಿನ ಸದ್ದು ಬರಲಿಲ್ಲ. ಬಹಳ ಹೊತ್ತಿನ ಮೇಲೆ ಅವರ ದನಿ ಕೇಳಿತು.

"ಅಮ್ಮಣ್ಣೀ, ಈ ಬಚ್ಚಲು ಇಷ್ಟು ಹೊಲಸಾಗಿತ್ತೇನೇ? ಒಂದು ಇಟ್ಟಿಗೆ ಚೂರು ಕೊಡು."

ಬಾಗಿಲನ್ನು ಕೈಯಗಲ ತೆರೆದು ಇಟ್ಟಿಗೆ ಚೂರು ತೆಗೆದುಕೊಂಡರು. ಆಮೇಲೆ ಒಂದು ಗಂಟೆ ಕಲ್ಲು ಉಜ್ಜುವ ಸದ್ದು. ಬೇಡ, ನಾನು ಉಜ್ಜುತ್ತೇನೆ ಎಂದರೆ ಕೇಳಲಿಲ್ಲ. ಕೊನೆಗೆ ನೀರಿನ ಸದ್ದು ಬಂತು, ಒಂದಾದ ಮೇಲೊಂದು ಚೆಂಬು, ಅವಸರವಿಲ್ಲದೆ. ಒದ್ದೆ ಕೂದಲು ಕಟ್ಟಿಕೊಂಡು ಹೊರಬಂದಾಗ ಅವರ ಕಣ್ಣು ಕೆಂಪಾಗಿತ್ತು. ಸೀಗೆಪುಡಿ ಕಣ್ಣಿಗೆ ಹೋಯಿತೆಂದು ಹೇಳಿದರು.

ಮಬ್ಬು ಗಾಜು ಹಾಕಿದ ಮಾತ್ರಕ್ಕೆ ನೀರು ಬದಲಾಗಲಿಲ್ಲ. ಗಾಜಿನ ಮೇಲೆ ಹನಿ ಒಣಗಲು ಬಿಟ್ಟರೆ ಎರಡೇ ದಿನಕ್ಕೆ ಚುಕ್ಕೆ. ಹಾಗಾಗಿ ಸ್ನಾನ ಮಾಡಿದವರು ಹೊರಬರುವ ಮುಂಚೆ ಒಣಬಟ್ಟೆಯಲ್ಲಿ ಗಾಜನ್ನು ಒರೆಸಲೇಬೇಕೆಂದು ಅತ್ತೆ ನಿಯಮ ಮಾಡಿದರು. ಶನಿವಾರ ಸಾರಿಗೆ ಹಿಂಡಿದ ಹುಣಸೆಯ ಚರಟದಲ್ಲಿ ನಾಲ್ಕು ಗಾಜನ್ನೂ ಉಜ್ಜುವುದು. ಯಜಮಾನರು ಒರೆಸದೆ ಬಂದ ದಿನ ಅತ್ತೆ ಗಾಜಿನ ಮೇಲೆ ಬೆರಳಾಡಿಸಿ ಪತ್ತೆ ಮಾಡಿ, ಕಚೇರಿಗೆ ಹೊರಟವರನ್ನು ಬಾಗಿಲಿನಿಂದ ವಾಪಸು ಕರೆಸಿದ್ದುಂಟು. ನಮ್ಮ ಬೀದಿಯ ಇನ್ನೆರಡು ಮನೆಯವರು ಅಂಥದೇ ಬಾಗಿಲು ಮಾಡಿಸಿಕೊಂಡರು. ಒಬ್ಬರು ಹೂವಿನ ಗಾಜೇ ಚೆಂದ ಎಂದು ಹಾಕಿಸಿ, ಬೇಸಿಗೆ ಮುಗಿಯುವಷ್ಟರಲ್ಲಿ ಗೋಡೆಗೂ ಗಾಜಿಗೂ ವ್ಯತ್ಯಾಸ ಕಾಣದಂತಾಗಿ ತೆಗೆಸಿದರು.

ನಮ್ಮದೂ ಪೂರ್ತಿ ಚೊಕ್ಕವಾಗಿ ಉಳಿಯಿತೆಂದು ಹೇಳಲಾರೆ. ನಾನು ಮೊದಲ ಹೆರಿಗೆಗೆ ತವರಿಗೆ ಹೋದ ತಿಂಗಳುಗಳಲ್ಲಿ ಅತ್ತೆ ಜ್ವರ ಬಂದು ಮಲಗಿದ್ದರು. ಒರೆಸುವವರಿರಲಿಲ್ಲ. ನಾನು ಮಗುವನ್ನೆತ್ತಿಕೊಂಡು ಬಂದು ನೋಡಿದಾಗ ಪಟ್ಟಿಯ ಅಂಚಿನುದ್ದಕ್ಕೂ ಉಗುರಿನಗಲ ಸುಣ್ಣ ಕಟ್ಟಿತ್ತು. ಹುಣಸೆ, ನಿಂಬೆ, ಹುಳಿ ಮಜ್ಜಿಗೆ ಏನು ಹಾಕಿದರೂ ಬಿಡಲಿಲ್ಲ. ಬ್ಲೇಡು ತೆಗೆದುಕೊಂಡು ಕೆರೆಯಲು ಹೊರಟೆ. ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುತ್ತಿದ್ದರು.

"ಗಾಜು ಗೀರಾದ್ರೆ ಗೀರಿನಾಗೆ ಇನ್ನೂ ಕೂರ್ತದೆ. ಅಂಚು ತಾನೇ, ಇರ್ಲಿ ಬುಡು. ನಡುಮಧ್ಯದಾಗೆ ಬೆಳಕು ಬರ್ತೈತಲ್ಲ, ಸಾಕು. ನೀರು ಕಾದೈತಾ ನೋಡು, ಮಗೀನ ನಾನೇ ಎರೀತೀನಿ."

ಹಂಡೆಯಿಂದ ಬಿಸಿನೀರು ತೋಡಿ, ತಣ್ಣೀರು ಬೆರೆಸಿ, ಮೊಣಕೈ ಇಟ್ಟು ಬಿಸಿ ನೋಡಿದೆ. ಅತ್ತೆ ಬಚ್ಚಲ ಕಲ್ಲಿನ ಮೇಲೆ ಕಾಲು ನೀಡಿ ಕೂತು ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡರು. ಮುರಿದು ಕೂಡಿದ ಆ ಕೈಯಿಂದಲೇ ಒಂದೊಂದೇ ಚೆಂಬು ಎರೆಯತೊಡಗಿದರು.